ತೂಕ ನೋಡುವವರೇ ಮೊದಲು ಉತ್ತರ ಕೊಡಬೇಕು

ಸುಗ್ಗಿ ಮುಗಿದು ಗದ್ದೆ ಬಯಲಾಗುವ ಹೊತ್ತಿಗೆ ನಮ್ಮ ಊರುಗಳಲ್ಲಿ ಕಬಡ್ಡಿ ಪೋಸ್ಟರ್‌ಗಳು ಕಾಣಿಸಿಕೊಳ್ಳುತ್ತವೆ. ಬಸ್‌ಸ್ಟ್ಯಾಂಡಿನ ಗೋಡೆ, ಹೋಟೆಲಿನ ಬಾಗಿಲು, ವಾಟ್ಸಾಪ್ ಸ್ಟೇಟಸ್, ಎಲ್ಲ ಕಡೆ ಅವೇ. ನೋಡುವವರು ಮೊದಲ ಬಹುಮಾನ ಎಷ್ಟು ಅಂತ ಓದುತ್ತಾರೆ. ಆಡುವವರು ಓದುವುದು ಇನ್ನೊಂದು ಸಾಲು: '55 ಕೆ.ಜಿ. ವಿಭಾಗ', '60 ಕೆ.ಜಿ. ವಿಭಾಗ'.

58 ಕಿಲೋ ಇರುವ ಹುಡುಗನಿಗೆ 55ರ ಟೀಮಿನಲ್ಲಿ ಜಾಗ ಸಿಕ್ಕರೆ ಏನು ಮಾಡುತ್ತಾನೆ ಅಂತ ನಿಮಗೆ ಗೊತ್ತು. ಒಂದು ವಾರ ಅನ್ನ ಬಿಡುತ್ತಾನೆ. ಕೊನೆಯ ದಿನ ನೀರೂ ಬಿಡುತ್ತಾನೆ. ತೂಕದ ಮಷಿನ್ ಮೇಲೆ ನಿಂತು ಪಾಸಾದ ಮೇಲೆ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾನೆ. 'ವೇಟ್ ಇಳಿಸಿದ' ಅಂತ ಗೆಳೆಯರು ಬೆನ್ನು ತಟ್ಟುತ್ತಾರೆ.

ಕಾಲೇಜಿಗೆ ಹೋದರೆ ಇದೇ ಆಟ ಇನ್ನೂ ದೊಡ್ಡದಾಗುತ್ತದೆ. ಕುಸ್ತಿ, ಜೂಡೋ, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್ ಎಲ್ಲಕ್ಕೂ ತೂಕದ ಗೆರೆ ಇದೆ. ಓಟಕ್ಕೆ ಗೆರೆ ಇಲ್ಲ, ಆದರೆ 'ಹಗುರ ಆದಷ್ಟೂ ಓಡ್ತೀಯ' ಎಂಬ ಮಾತಿದೆ. ಟೀಮಿನಲ್ಲಿ ಜಾಗ ಸಿಕ್ಕರೆ ಹಾಜರಾತಿಗೆ ರಿಯಾಯಿತಿ, ಹಾಸ್ಟೆಲ್ ಸೀಟು, ಮುಂದೆ ಕ್ರೀಡಾ ಕೋಟಾದ ಆಸೆ. ಹಳ್ಳಿಯಿಂದ ಹೋದ ಹುಡುಗ ಹುಡುಗಿಯರಿಗೆ ಆಟ ಬರೀ ಆಟವಲ್ಲ, ಊರು ದಾಟಿಸುವ ಬಸ್ಸು.

ಹಾಗಾಗಿ ಈ ಮಕ್ಕಳು ಊಟ ಬಿಟ್ಟಾಗ ನಾವು ಏನು ಮಾಡಬೇಕು ಎಂಬುದು ಬರೀ ಆರೋಗ್ಯದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಯಾರು ಮಾತಾಡಬೇಕು? ಯಾರಿಗೆ ಹೇಳಬೇಕು? ಹೇಳಿದ್ದರಿಂದ ಆಗುವ ನಷ್ಟ ಯಾರದು?

ಇಳಿಯುವುದು ಕೊಬ್ಬಲ್ಲ, ನೀರು

ಮೊದಲು ಸರಳ ಲೆಕ್ಕ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಎರಡು ದಿನದಲ್ಲಿ ಮೂರು ಕಿಲೋ ಇಳಿಸಿದೆ ಅಂತ ಯಾರಾದರೂ ಹೇಳಿದರೆ ಅದರಲ್ಲಿ ಹೆಚ್ಚಿನ ಪಾಲು ನೀರೇ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಪ್ರಮಾಣ ಇಳಿಯುತ್ತದೆ. ಹೃದಯ ಜಾಸ್ತಿ ಬಡಿದುಕೊಳ್ಳಬೇಕಾಗುತ್ತದೆ. ಬೆವರು ಬಂದು ಮೈ ತಂಪಾಗುವ ವ್ಯವಸ್ಥೆ ಕೆಡುತ್ತದೆ. ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಇದು ನಿಧಾನವಾಗಿ, ತಿಂಗಳುಗಟ್ಟಲೆ ನಡೆದರೆ ಬೇರೆ ಥರದ ತೊಂದರೆ. ದಿನಾ ಎರಡು ಹೊತ್ತು ಪ್ರಾಕ್ಟೀಸ್ ಮಾಡುವ ಮೈಗೆ ಬೇಕಾದಷ್ಟು ಊಟ ಹೋಗದಿದ್ದರೆ, ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಹುಡುಗಿಯರಿಗೆ ಮುಟ್ಟು ನಿಲ್ಲುತ್ತದೆ. ಮೂಳೆ ಸಡಿಲವಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಗಾಯ ಬೇಗ ಮಾಯುವುದಿಲ್ಲ, ಜ್ವರ ನೆಗಡಿ ಬಿಡುವುದಿಲ್ಲ, ಮನಸ್ಸು ಮಂಕಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ 'ರೆಡ್-ಎಸ್' ಎಂಬ ಹೆಸರು ಕೊಟ್ಟಿತು. ಹೆಸರು ಮರೆತರೂ ತೊಂದರೆಯಿಲ್ಲ, ಅರ್ಥ ಇಷ್ಟೇ: ಖರ್ಚು ಜಾಸ್ತಿ, ಜಮಾ ಕಡಿಮೆ. ಇದು ಹುಡುಗರಿಗೂ ಬರುತ್ತದೆ ಎಂಬುದನ್ನೂ ಆ ಸಮಿತಿ ಆಗಲೇ ಹೇಳಿತು.

ಇನ್ನೂ ಒಂದು ಹಂತವಿದೆ. ಪಂದ್ಯ ಮುಗಿದರೂ ಉಣ್ಣಲು ಆಗುವುದಿಲ್ಲ. ಉಂಡರೆ ತಪ್ಪು ಮಾಡಿದ ಭಾವನೆ. ಎಲ್ಲರ ಜೊತೆ ಕೂತು ಉಣ್ಣುವುದೇ ಬೇಡ. ದಿನಕ್ಕೆ ಹತ್ತು ಸಲ ತೂಕ ನೋಡಬೇಕು. ಇಲ್ಲವೇ ಕದ್ದು ತಿಂದು ಕಕ್ಕಬೇಕು. ಡಾಕ್ಟರುಗಳು ಇದನ್ನು ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ. ಇದು ಹಟವಲ್ಲ, ಶೋಕಿಯಲ್ಲ, ಕಾಯಿಲೆ. ಅದರಲ್ಲೂ ಊಟವನ್ನೇ ದೂರ ಮಾಡುವ ಅನೊರೆಕ್ಸಿಯಾ, ಮಾನಸಿಕ ಕಾಯಿಲೆಗಳ ಪೈಕಿ ಪ್ರಾಣಾಪಾಯ ಹೆಚ್ಚಿರುವವುಗಳಲ್ಲಿ ಒಂದು.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹೆಸರಿಲ್ಲ. 'ಡಯಟ್ ಮಾಡ್ತಿದ್ದಾಳೆ', 'ಹಾಸ್ಟೆಲ್ ಊಟ ಸೇರ್ತಿಲ್ಲ', 'ಶನಿವಾರದ ಉಪವಾಸ' ಅನ್ನುತ್ತೇವೆ. ಹಸಿವಿಗೆ ಹೆಸರು ಗೊತ್ತಿರುವ ನಮಗೆ, ತಟ್ಟೆ ಮುಂದಿದ್ದೂ ಉಣ್ಣಲಾಗದ ಸ್ಥಿತಿಗೆ ಹೆಸರು ಗೊತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಥ ಮನೆಗಳಿಂದಲೇ ನಮ್ಮ ಹುಡುಗಿಯರು ಮ್ಯಾಟಿಗೆ ಇಳಿಯುತ್ತಿರುವುದು. ಮೊದಲೇ ಖಾಲಿ ಇರುವ ಡಬ್ಬಿಯಿಂದ ಇನ್ನಷ್ಟು ತೆಗೆದರೆ ಉಳಿಯುವುದೇನು?

ಮೂರು ಸಾವು, ನೂರು ಗ್ರಾಂ

ಅಮೆರಿಕದಲ್ಲಿ 1997ರ ನವೆಂಬರ್, ಡಿಸೆಂಬರಿನಲ್ಲಿ, ಐದು ವಾರದೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಒಬ್ಬ ಕ್ಯಾಂಪ್‌ಬೆಲ್ ವಿಶ್ವವಿದ್ಯಾಲಯದವನು, ಒಬ್ಬ ವಿಸ್ಕಾನ್ಸಿನ್‌ನ ಲಾ ಕ್ರಾಸ್‌ನವನು, ಇನ್ನೊಬ್ಬ ಮಿಷಿಗನ್‌ನವನು. ಮೂವರೂ ಬೆವರಿಳಿಸಿ ತೂಕ ಇಳಿಸಲು ಹೊರಟವರು.

ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಆಮೇಲೆ ಹುಡುಗರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ನಿಯಮವನ್ನೇ ಬದಲಿಸಿತು. ಬೆವರಿಳಿಸುವ ರಬ್ಬರ್ ಸೂಟು, ಬಿಸಿ ಕೋಣೆ ನಿಷೇಧವಾದವು. ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದರು, ಒಣಗಿ ಬಂದು ಆಮೇಲೆ ಕುಡಿದು ಚೇತರಿಸಿಕೊಳ್ಳುವ ಲೆಕ್ಕಾಚಾರಕ್ಕೆ ಜಾಗವಿಲ್ಲದಂತೆ. ಸೀಸನ್ ಶುರುವಿನಲ್ಲೇ, ಮೈಯಲ್ಲಿ ನೀರು ಸರಿಯಾಗಿದೆಯೇ ಅಂತ ಮೂತ್ರ ಪರೀಕ್ಷೆ ಮಾಡಿ, ಈ ಹುಡುಗ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಗೆರೆ ಹಾಕಿದರು. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ ಅಂದರು. ಹುಡುಗರ ಗುಣವನ್ನಲ್ಲ, ಆಟದ ವ್ಯವಸ್ಥೆಯನ್ನು ತಿದ್ದಿದರು. ಆದರೆ ಅದಕ್ಕೆ ಮೂರು ಜೀವ ಹೋಗಬೇಕಾಯಿತು.

ನಮಗೆ ಹತ್ತಿರದ ಕಥೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನದು. ಆಗಸ್ಟ್ 6ರಂದು ವಿನೇಶ್ ಫೋಗಟ್ ಜಪಾನಿನ ಯುಯಿ ಸುಸಾಕಿಯೂ ಸೇರಿ ಒಂದೇ ದಿನ ಮೂವರನ್ನು ಸೋಲಿಸಿ 50 ಕೆ.ಜಿ. ಫೈನಲ್ ತಲುಪಿದರು. ರಾತ್ರಿಯಿಡೀ ತೂಕ ಇಳಿಸಿದರು. ಕೂದಲು ಕತ್ತರಿಸಿದ್ದೂ ಆಯಿತು. ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚಿತ್ತು. ಅನರ್ಹ. ಅದಕ್ಕೂ ಮೊದಲು ಅವರು 53 ಕೆ.ಜಿ. ವಿಭಾಗದಲ್ಲಿ ಆಡುತ್ತಿದ್ದವರು.

ಕೆಲವು ದಿನಗಳಲ್ಲೇ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಹೇಳಿಕೆ ಕೊಟ್ಟರು: ಕುಸ್ತಿ, ಬಾಕ್ಸಿಂಗ್, ಜೂಡೋ ಥರದ ಆಟಗಳಲ್ಲಿ ತೂಕ ಕಾಯ್ದುಕೊಳ್ಳುವುದು ಆಟಗಾರ ಮತ್ತು ಕೋಚ್ ಹೊಣೆ, ಒಲಿಂಪಿಕ್ ಸಂಸ್ಥೆಯ ವೈದ್ಯರದಲ್ಲ. ವಿನೇಶ್ ಮೇಲ್ಮನವಿಯನ್ನು ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ವಜಾ ಮಾಡಿತು. ಆದರೂ, ಆಟಗಾರ್ತಿ ಯಾವ ಅಕ್ರಮವನ್ನೂ ಮಾಡದಿರುವಾಗ ಎರಡನೇ ದಿನದ ತೂಕದಲ್ಲಿ ಸೋತದ್ದಕ್ಕೆ ಇಂಥ ಶಿಕ್ಷೆ ತೀರಾ ಕಠಿಣ ಎಂದು ಅದೇ ತೀರ್ಪಿನಲ್ಲಿತ್ತು.

ಒಲಿಂಪಿಕ್ಸ್‌ಗೆ ಹೋದ, ವೈದ್ಯರು, ಆಹಾರ ತಜ್ಞರು ಜೊತೆಗಿದ್ದ ಆಟಗಾರ್ತಿಯ ವಿಷಯದಲ್ಲೇ 'ಹೊಣೆ ಯಾರದು' ಎಂಬುದು ಇಷ್ಟು ಕಗ್ಗಂಟಾದರೆ, ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನ ಹುಡುಗಿಯ ಪಾಡೇನು? ಅವಳ ಪಾಲಿಗೆ ಕೋಚ್, ಡಾಕ್ಟರ್, ಡಯಟೀಷಿಯನ್, ಕೌನ್ಸೆಲರ್ ಎಲ್ಲವೂ ಒಬ್ಬರೇ: ಪಿ.ಡಿ. ಸರ್.

ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ

ಧಾರವಾಡ ಕಡೆಯ ಒಬ್ಬ ಹುಡುಗಿ ಅಂತ ಇಟ್ಟುಕೊಳ್ಳೋಣ. ಬಿ.ಎ. ಎರಡನೇ ವರ್ಷ, 19 ವಯಸ್ಸು, ಕುಸ್ತಿ. ಎರಡು ತಿಂಗಳಿಂದ ಸರಿಯಾಗಿ ಉಣ್ಣುತ್ತಿಲ್ಲ. ಪ್ರಾಕ್ಟೀಸಿನಲ್ಲಿ ಎರಡು ಸಲ ತಲೆ ಸುತ್ತಿ ಕೂತಿದ್ದಾಳೆ. ರೂಮಿನ ಗೆಳತಿಗೆ ಗೊತ್ತು. ಪಿ.ಡಿ. ಸರ್‌ಗೆ ಅನುಮಾನ. ಮನೆಯವರಿಗೆ ಗೊತ್ತಿಲ್ಲ. ಮುಂದೇನು?

ಒಂದು ದಾರಿ: ಎಲ್ಲರೆದುರು ಬೈಯುವುದು. 'ಹಿಂಗ್ ಉಪವಾಸ ಬಿದ್ರ ಟೀಮಿನಿಂದ ತಗದು ಒಗೀತೀನಿ.' ಸರ್ ಹೇಳಿದ್ದು ಕಾಳಜಿಯಿಂದಲೇ ಇರಬಹುದು. ಅವಳು ಕಲಿಯುವ ಪಾಠ ಮಾತ್ರ ಬೇರೆ: ಇನ್ನು ಮೇಲೆ ಸಿಕ್ಕಿಬೀಳಬಾರದು.

ಎರಡನೇ ದಾರಿ: ಸೀದಾ ಮನೆಗೆ ಫೋನ್ ಮಾಡುವುದು. ಕೇಳಲು ಇದು ಸರಿ ಅನ್ನಿಸುತ್ತದೆ. ಆದರೆ ನಮ್ಮ ಊರುಗಳಲ್ಲಿ ಆ ಫೋನ್ ಆದಮೇಲೆ ಏನಾಗುತ್ತದೆ ಅಂತ ಯೋಚಿಸಿ. 'ಆಟ ಸಾಕು, ಮನಿಗೆ ಬಾ' ಅನ್ನುವ ಅಪ್ಪಂದಿರು ಎಷ್ಟಿಲ್ಲ? ಅವಳನ್ನು ಕುಸ್ತಿಗೆ ಕಳಿಸಲು ಅವ್ವ ಮನೆಯಲ್ಲಿ ಮಾಡಿದ ಜಗಳವೆಲ್ಲ ನೀರುಪಾಲು. ಕಾಲೇಜು ನಿಂತು ಗಂಡು ನೋಡುವುದು ಶುರುವಾದರೂ ಆಶ್ಚರ್ಯವಿಲ್ಲ. ಕಾಯಿಲೆ ಹಾಗೇ ಉಳಿಯುತ್ತದೆ, ಹೋಗುವುದು ಅವಳ ಓದು.

ಮೂರನೇ ದಾರಿ: ನೋಡಿಯೂ ನೋಡದಂತೆ ಇರುವುದು. 'ಟೂರ್ನಮೆಂಟ್ ಮುಗೀಲಿ, ಆಮೇಲೆ ನೋಡೋಣ.' ಎಲ್ಲ ಕಡೆ ಹೆಚ್ಚು ನಡೆಯುವುದು ಇದೇ. ಕಾಲೇಜಿಗೆ ಶೀಲ್ಡ್ ಬರುತ್ತದೆ, ಫೋಟೋ ಪೇಪರಿನಲ್ಲಿ ಬರುತ್ತದೆ.

ನಾಲ್ಕನೇ ದಾರಿ: ಅವಳ ಒಳ್ಳೆಯದಕ್ಕೇ ಅಂತ ಟೀಮಿನಿಂದ ಕೈಬಿಡುವುದು. ಇದು ಕೆಲವೊಮ್ಮೆ ಬೇಕೇ ಬೇಕು, ಡಾಕ್ಟರ್ ಹೇಳಿದರೆ ತಪ್ಪಿಸಲೂಬಾರದು. ಆದರೆ ಕೈಬಿಟ್ಟರೆ ಹಾಸ್ಟೆಲ್ ಸೀಟೂ ಹೋಗುತ್ತದೆ ಅಂತಾದರೆ, ಅದು ಚಿಕಿತ್ಸೆಯಲ್ಲ, ಶಿಕ್ಷೆ. ಒಬ್ಬಳಿಗೆ ಹೀಗಾದದ್ದನ್ನು ನೋಡಿದ ಉಳಿದ ಹತ್ತು ಹುಡುಗಿಯರು ಬಾಯಿ ಬಿಡುವುದಿಲ್ಲ.

ನಾಲ್ಕೂ ದಾರಿಯಲ್ಲಿ ಒಂದು ಸಾಮಾನ್ಯ. ನಿಜ ಹೇಳಿದವಳಿಗೆ ನಷ್ಟ, ಮುಚ್ಚಿಟ್ಟವಳಿಗೆ ಲಾಭ.

ನಮ್ಮ ವಾದ ಇಲ್ಲಿಂದಲೇ ಶುರು. ನಿಜ ಹೇಳಿದರೆ ಏನೂ ಕಳೆದುಕೊಳ್ಳಬೇಕಾಗಿಲ್ಲ ಎಂಬ ಖಾತ್ರಿ ಕೊಡದೆ, 'ಏನಾದರೂ ತೊಂದರೆ ಇದ್ದರೆ ಹೇಳು' ಅಂತ ಕೇಳುವ ಹಕ್ಕು ನಮಗಿಲ್ಲ. ಖಾತ್ರಿ ಕೊಡಬೇಕಾದವರು ಅವಳ ಗೆಳತಿಯಲ್ಲ, ಅವ್ವ ಅಲ್ಲ. ತೂಕದ ಮಷಿನ್, ಟೀಮಿನ ಪಟ್ಟಿ, ಹಾಸ್ಟೆಲ್ ಸೀಟು ಯಾರ ಕೈಯಲ್ಲಿದೆಯೋ ಅವರು.

'ಹಿಂದಿನವರು ಮಾಡಿಲ್ವಾ?'

ಇದಕ್ಕೆ ಎದುರು ಮಾತು ಬರುತ್ತದೆ, ಬರಲೂಬೇಕು.

'ಪೈಲ್ವಾನರು ಮೊದಲಿಂದಲೂ ಕಷ್ಟಪಟ್ಟೇ ಬಂದವರು. ಹೀಗೆ ಮುದ್ದು ಮಾಡಿದರೆ ಪದಕ ಬರುತ್ತಾ?' ನಮ್ಮ ಗರಡಿ ಮನೆಗಳನ್ನೇ ನೋಡಿ. ಅಲ್ಲಿ ಸಾಮು ಎಷ್ಟು ಮುಖ್ಯವೋ ಹಾಲು, ತುಪ್ಪ, ಬಾದಾಮಿಯೂ ಅಷ್ಟೇ ಮುಖ್ಯ. ಪೈಲ್ವಾನನ ಖುರಾಕಿಗೆ ಊರೇ ಕೈಜೋಡಿಸಿದ ಕಥೆಗಳಿವೆ. ಉಣ್ಣಿಸಿ ಬೆಳೆಸುವುದು ನಮ್ಮ ಹಳೇ ಪದ್ಧತಿ, ಒಣಗಿಸಿ ನಿಲ್ಲಿಸುವುದಲ್ಲ. ಇನ್ನು ಪದಕದ ಮಾತು: ನೀರಿಲ್ಲದ ಮೈಗೆ ಹಿಡಿತ ಕಡಿಮೆ, ದಮ್ಮು ಕಡಿಮೆ, ಗಾಯ ಜಾಸ್ತಿ.

'ಅವಳಿಗೆ ಹದಿನೆಂಟು ದಾಟಿದೆ. ಅವಳ ದೇಹ, ಅವಳ ಇಷ್ಟ.' ಇದು ತಳ್ಳಿಹಾಕುವ ಮಾತಲ್ಲ. ದೊಡ್ಡವರ ದೇಹದ ಮೇಲೆ ಬೇರೆಯವರು ಯಜಮಾನಿಕೆ ಮಾಡಬಾರದು. ಹಾಗಂತಲೇ ಬಲವಂತವಾಗಿ ಉಣ್ಣಿಸುವುದು, ಬ್ಯಾಗ್ ಹುಡುಕುವುದು, ಬಾತ್‌ರೂಮಿನ ಬಾಗಿಲಲ್ಲಿ ಕಾಯುವುದು ತಪ್ಪು. ಆದರೆ 'ಐವತ್ತಮೂರಕ್ಕೆ ಇಳಿದರೆ ಟೀಮು, ಇಲ್ಲದಿದ್ದರೆ ಮನೆ' ಅಂತ ಹೇಳಿ, ಆಮೇಲೆ ಅದನ್ನು ಅವಳ ಇಷ್ಟ ಅನ್ನುವುದು ನ್ಯಾಯವೇ?

'ಈ ವಿಷಯ ಎತ್ತಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ.' ಈ ಭಯದಲ್ಲಿ ಅರ್ಧ ಸತ್ಯವಿದೆ. ತೂಕ ಇಳಿಸುವ ಉಪಾಯಗಳನ್ನು ಬಿಡಿಸಿ ಬಿಡಿಸಿ ಹೇಳಿದರೆ ಎಚ್ಚರಿಕೆಯೇ ಪಾಠವಾಗಿಬಿಡುತ್ತದೆ. ಅದಕ್ಕೇ ಈ ಲೇಖನದಲ್ಲೂ ಅವುಗಳ ವಿವರಕ್ಕೆ ಹೋಗಿಲ್ಲ. ಆದರೆ ಉಪಾಯ ಹೇಳದೆ ಅಪಾಯ ಹೇಳಬಹುದು.

ಮಾಡಬಹುದಾದದ್ದು ಇಷ್ಟಿದೆ

ಇದಕ್ಕೆ ದುಡ್ಡು ಬೇಡ, ಹೊಸ ಇಲಾಖೆಯೂ ಬೇಡ.

ತೂಕ ನೋಡುವುದು ಮರೆಯಲ್ಲಿ ಆಗಲಿ. ಎಲ್ಲರೆದುರು ನಿಲ್ಲಿಸಿ ಅಂಕಿ ಕೂಗುವುದು, ಗ್ರೂಪಿನಲ್ಲಿ ಹಾಕುವುದು, 'ಎಮ್ಮೆ', 'ಡುಮ್ಮಿ' ಅನ್ನುವುದು ನಿಲ್ಲಲಿ. ಹುಡುಗಿಯರ ತೂಕವನ್ನು ಮಹಿಳಾ ಸಿಬ್ಬಂದಿ ನೋಡಲಿ.

ಯಾರು ಯಾವ ವಿಭಾಗ ಎಂಬುದು ವರ್ಷದ ಶುರುವಿನಲ್ಲೇ, ಸರಕಾರಿ ಆಸ್ಪತ್ರೆಯ ಡಾಕ್ಟರ್ ನೋಡಿದ ಮೇಲೆ ತೀರ್ಮಾನವಾಗಲಿ. ಟೂರ್ನಮೆಂಟಿಗೆ ಹತ್ತು ದಿನ ಇರುವಾಗ 'ಕೆಳಗಿನ ವಿಭಾಗದಲ್ಲಿ ಆಳಿಲ್ಲ, ನೀನು ಇಳಿ' ಅನ್ನುವುದು ಬೇಡ. ಆ ಜಾಗ ಖಾಲಿ ಹೋದರೆ ಹೋಗಲಿ.

ಟೀಮ್ ಆರಿಸುವವರೂ, ಕಷ್ಟ ಕೇಳುವವರೂ ಒಬ್ಬರೇ ಆಗಬಾರದು. ಕಾಲೇಜಿನಲ್ಲಿ ಮಕ್ಕಳು ನಂಬುವ ಒಬ್ಬ ಮೇಡಂ ಇದ್ದೇ ಇರುತ್ತಾರೆ. ಅವರನ್ನು ಈ ಕೆಲಸಕ್ಕೆ ಗೊತ್ತು ಮಾಡಿ. ಅವರೂ ಕಾಯಿಲೆಯ ಹೆಸರು ಹೇಳುವುದು ಬೇಡ, ಕೇಳಿಸಿಕೊಂಡು ಡಾಕ್ಟರ್ ತನಕ ಜೊತೆಗೆ ಹೋದರೆ ಸಾಕು.

ಚಿಕಿತ್ಸೆಗೆ ಅಂತ ಆಟದಿಂದ ಹೊರಗಿದ್ದರೂ ಆ ವರ್ಷದ ಹಾಸ್ಟೆಲ್ ಸೀಟು, ಹಾಜರಾತಿ ರಿಯಾಯಿತಿ ಉಳಿಯುತ್ತದೆ ಅಂತ ಪ್ರಿನ್ಸಿಪಾಲರು ಲಿಖಿತವಾಗಿ ಹೇಳಲಿ. ಕಾಲು ಮುರಿದವನಿಗೆ ಸಿಗುವ ಕರುಣೆ ಇವಳಿಗೂ ಸಿಗಲಿ.

ಮನೆಗೆ ಹೇಳುವ ವಿಷಯ. ಹದಿನೆಂಟು ದಾಟಿದವರಾದರೆ ಅವರ ಒಪ್ಪಿಗೆ ಕೇಳಿ, ಏನು ಹೇಳಬೇಕು ಅಂತ ಅವರ ಜೊತೆಗೇ ಮಾತಾಡಿ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಯುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕಿದೆ, ಜೀವಕ್ಕೆ ಅಪಾಯವಿದ್ದಾಗ ವಿನಾಯಿತಿ ಕೊಟ್ಟಿದೆ. ಕಾಲೇಜೂ ಅದೇ ದಾರಿ ಹಿಡಿದರೆ ತಪ್ಪಿಲ್ಲ. ಪಿಯುಸಿ ಮಕ್ಕಳಾದರೆ ಮನೆಯವರಿಗೆ ತಿಳಿಸಲೇಬೇಕು. ಆದರೆ ಮಗುವಿನ ಬೆನ್ನ ಹಿಂದೆ ಬೇಡ, ಮಗುವನ್ನು ಕೂರಿಸಿಕೊಂಡು ಹೇಳಿ.

ಗುಟ್ಟಿಗೂ ಮಿತಿ ಇದೆ. ಎಚ್ಚರ ತಪ್ಪಿದರೆ, ಎದೆ ಡವಡವ ಹೊಡೆದುಕೊಂಡು ನಿಲ್ಲದಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮೂತ್ರವೇ ಬರದಿದ್ದರೆ, ಸಾಯುವ ಮಾತಾಡಿದರೆ, ಯಾರ ಒಪ್ಪಿಗೆಗೂ ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನಸ್ಸಿನ ವಿಷಯ ಮಾತಾಡಲು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತದೆ.

ಗೆಳತಿಗೆ, ಅವ್ವನಿಗೆ, ಸುದ್ದಿ ಬರೆಯುವವರಿಗೆ

ರೂಮಿನ ಗೆಳತಿ ಪೊಲೀಸ್ ಆಗಬೇಕಾಗಿಲ್ಲ. 'ಯಾಕ ಉಣ್ಣವಲ್ಲಿ?' ಅಂತ ಕೇಳಿದರೆ ಸುಳ್ಳು ಬರುತ್ತದೆ. ಊಟ, ತೂಕ ಎರಡನ್ನೂ ಬದಿಗಿಟ್ಟು ಕಂಡದ್ದನ್ನು ಹೇಳಿ: 'ನಿನ್ನೆ ಪ್ರಾಕ್ಟೀಸಿನ್ಯಾಗ ತಲಿ ತಿರುಗಿ ಕುಂತಿದ್ದೆಲ್ಲ, ನಂಗ ಭಾಳ ಹೆದರಿಕಿ ಆತು. ಡಾಕ್ಟರ್ ಹಂತ್ಯಾಕ ಹೋಗೂಣಂದ್ರ ನಾನೂ ಬರ್ತೀನಿ.' ಒಂದೇ ಸಲಕ್ಕೆ ಒಪ್ಪಲಿಕ್ಕಿಲ್ಲ. ಮಾತು ಮುರಿಯದಿದ್ದರೆ ಸಾಕು.

ಮನೆಯವರಿಗೆ ಒಂದು ಮಾತು. ನಮ್ಮಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು 'ಊಟ ಆಯ್ತಾ?', 'ಊಟ ಆತೇನು?' ಅಂತಲೇ. ಉತ್ತರವೂ ಗೊತ್ತಿರುವುದೇ: 'ಆಯ್ತು.' ಹೊಟ್ಟೆ ಖಾಲಿ ಇದ್ದರೂ 'ಆಯ್ತು' ಅನ್ನುವುದೇ ಮರ್ಯಾದೆ. ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನಿನಲ್ಲಿ ಅದನ್ನೇ ಕೇಳಿದರೆ ಅದೇ ಉತ್ತರ ಬರುತ್ತದೆ. 'ಮೈಯಾಗ ಹೆಂಗದವ್ವಾ, ನಿದ್ದಿ ಬರತದೇನು, ತಿಂಗಳಾ ತಿಂಗಳಾ ಸರಿಯಾಗಿ ಹೊರಗ ಆಗ್ತೀಯೇನು' ಅಂತ ಕೇಳಿ. 'ಸೋತ್ರೂ ನಡೀತದ, ನೀ ಗಟ್ಟಿ ಇರು' ಅಂತ ಸೇರಿಸಿ. ಆ ಒಂದು ಮಾತಿನ ಮೇಲೆ ಅವಳು ನಿಜ ಹೇಳುವುದು ನಿಂತಿದೆ.

ಸುದ್ದಿ ಬರೆಯುವವರಿಗೂ ಪಾಲಿದೆ. 'ಊಟ ನೀರು ಬಿಟ್ಟು ಚಿನ್ನ ಗೆದ್ದ ಛಲಗಾತಿ' ಎಂಬ ತಲೆಬರಹ ಓದಲು ಚೆಂದ. ಆದರೆ ಅದನ್ನು ಓದುವ ಹದಿನಾರರ ಹುಡುಗಿಗೆ ಅದೊಂದು ಆದೇಶ. ಪಟ್ಟ ಕಷ್ಟ ಬರೆಯೋಣ, ಹಸಿವನ್ನು ಸಾಧನೆ ಅಂತ ಬರೆಯುವುದು ಬೇಡ.

ಕೊನೆಗೆ ಊರಿನ ಯುವಕ ಸಂಘದವರಲ್ಲಿ ಒಂದು ಕೋರಿಕೆ. ಈ ಸಲ ಪಂದ್ಯಾವಳಿಯ ಮೀಟಿಂಗಿನಲ್ಲಿ ಶಾಮಿಯಾನ, ಮೈಕು, ಟ್ರೋಫಿ ಮಾತಾಡುವಾಗ ಇನ್ನು ನಾಲ್ಕು ವಿಷಯ ಸೇರಿಸಿಕೊಳ್ಳಿ. ತೂಕ ನೋಡುವುದು ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ ಇರಲಿ, ಬೆಳಿಗ್ಗೆಯೇ ಬೇಡ. ಒಂದೆರಡು ಕಿಲೋ ರಿಯಾಯಿತಿ ಇರಲಿ. ತೂಕದ ಮಷಿನ್ ಪರದೆಯ ಹಿಂದಿರಲಿ. ಅದರ ಪಕ್ಕದಲ್ಲೇ ಕುಡಿಯುವ ನೀರಿನ ಕ್ಯಾನ್ ಇರಲಿ. ಮಷಿನ್ ನಿಮ್ಮ ಕೈಯಲ್ಲಿದೆ, ಹಾಗಾಗಿ ಮೊದಲ ಹೆಜ್ಜೆಯೂ ನಿಮ್ಮದೇ.